ಮೊದಲ ತಿಂಗಳು ಆರಸ್ರಿ, ಆಮ್ಯಾಲ ಕಣಿವಿ: ಭಂಡಾರದರಾ, ಕೊಯ್ನಾ, ಆಹುಪೆ, ಗೋವಾದ ಒಳಭಾಗ, ಯಾವುದು ಯಾರಿಗೆ?

ಪುಣೆ ಮುಂಬೈ ಕಡೆ ಇರೋ ನಮ್ಮ ಕನ್ನಡದ ಮಂದಿ ನಾಲ್ಕು ಜನ ಕೂಡಿದ್ರ ಈ ಪ್ರಶ್ನೆ ಬಂದೇ ಬರ್ತದ. ಲೋಣಾವಳಾ ಆತು, ಮಹಾಬಳೇಶ್ವರ ಆತು, ಇನ್ನ ಗದ್ದಲ ಇಲ್ಲದ, ಗುಡ್ಡ ನೀರು ಕಾಡು ಇರೋ, ಎರಡು ದಿನ ಆರಾಮ ನಡದಾಡಿ ಹಕ್ಕಿ ನೋಡಿ ಬರೋ ಅಂಥ ಜಾಗ ಯಾವುದದ ಹೇಳ್ರಿ ಅಂತ. ಹೆಸರು ಹೇಳೂದೇನು ಕಷ್ಟ ಅಲ್ಲ, ಸಹ್ಯಾದ್ರಿ ತುಂಬ ಅಂಥ ಜಾಗ ಅದಾವ. ಆದ್ರ ಬರೇ ಹೆಸರು ಹೇಳಿ ಬಿಟ್ರ ಏನಾಗ್ತದ ಅಂದ್ರ ಮಂದಿ ಜುಲೈ ತಿಂಗಳ ಫೋಟೋ ನೋಡಿ ಮಾರ್ಚ್ ತಿಂಗಳದಾಗ ಹೋಗ್ತಾರ, ಅಲ್ಲಿ ಒಣಗಿದ ಹುಲ್ಲು, ನೀರಿಲ್ಲದ ಜಲಪಾತ ನೋಡಿ ಬ್ಯಾಸರ ಮಾಡ್ಕೊಂಡು ವಾಪಸ್ ಬರ್ತಾರ, ಆಮ್ಯಾಲ ಆ ಕಣಿವಿನ ಸರಿ ಇಲ್ಲ ಅಂತ ಹೇಳ್ಕೋತ ಅಡ್ಡಾಡ್ತಾರ.

ಕಣಿವಿದು ಏನೂ ತಪ್ಪಿಲ್ರಿ. ಇಲ್ಲಿ ವರ್ಷದ ಮಳಿ ಹೆಚ್ಚೂ ಕಡಿಮಿ ಎಲ್ಲಾನೂ ಜೂನ್‌ದಿಂದ ಸೆಪ್ಟೆಂಬರ್ ಒಳಗ ಬಿದ್ದು ಮುಗೀತದ, ಉಳಿದ ಎಂಟು ತಿಂಗಳು ಆ ನೀರು ಇಳಿಕೋತ, ಹಸಿರು ಒಣಗಿಕೋತ ಹೋಗ್ತದ. ಹಿಂಗಾಗಿ ಒಂದ ಊರು ಜೂನ್ ಮೊದಲ ವಾರ ಬ್ಯಾರೆ, ಆಗಸ್ಟ್‌ಗೆ ಬ್ಯಾರೆ, ಡಿಸೆಂಬರ್‌ಗೆ ಪೂರ್ತಿ ಬ್ಯಾರೆ. ಅದಕ್ಕ ಯಾರರ ನನ್ನ ಕೇಳಿದ್ರ ನಾನು ತಿರುಗಿ ಕೇಳೂದು ಇಷ್ಟ, ರಜಾ ಯಾವ ತಿಂಗಳದ್ದು, ಜೊತಿಗೆ ಯಾರು ಬರ್ತಾರ, ಶನಿವಾರ ಭಾನುವಾರ ಬಿಟ್ಟು ಹೋಗಲಿಕ್ಕೆ ಆಗ್ತದೋ ಇಲ್ಲೋ. ಈ ಮೂರು ಗೊತ್ತಾದ್ರ ಜಾಗ ತಾನ ಗೊತ್ತಾಗ್ತದ.

ಕೆಳಗ ನಾನು ಹೋಲಿಸಿರೋದು ನಾಲ್ಕು ಕಣಿವಿ, ನಡುವ ಪುಣೆ ಹತ್ರದ ತಾಮ್ಹಿಣಿ ಘಾಟ್ ಬಗ್ಗೆ ಎರಡು ಮಾತು. ನಾವು ಇರೋದು ಪುಣೆಯೊಳಗ, ಮೂಲ ಇಂಡಿ ಕಡೆಯವರು, ಅದಕ್ಕ ಲೆಕ್ಕ ಎಲ್ಲಾ ಪುಣೆಯಿಂದ ಶುರು ಆಗ್ತದ, ಮುಂಬೈದವರಿಗೆ ಬ್ಯಾರೆ ಆಗೋ ಕಡೆ ಹೇಳೀನಿ.

ಭಂಡಾರದರಾ: ಎಲ್ಲಾರಿಗೂ ಹೊಂದೋದು, ಮಿಂಚುಹುಳದ ಹೊತ್ತಿನಾಗ ಮಾತ್ರ ಯೋಚನೆ ಮಾಡ್ರಿ

ಅಕೋಲೆ ತಾಲೂಕದಾಗ ಪ್ರವರಾ ನದಿ ಹುಟ್ಟೋ ಕಣಿವಿ ಇದು. ಪುಣೆ ಮುಂಬೈ ಎರಡೂ ಕಡೆಯಿಂದ ಸುಮಾರು 170 ಕಿಲೋಮೀಟರ್. ಮುಂಬೈದವರಿಗೆ ಕಸಾರಾ ಘಾಟ್ ಹತ್ತಿ ಇಗತ್‌ಪುರಿ, ಘೋಟಿ ಮ್ಯಾಲ ರಸ್ತೆ ಚೊಲೋ ಅದ, ರೈಲಿನಾಗ ಇಗತ್‌ಪುರಿ ತನಕಾನೂ ಬರಬಹುದು. ಬ್ರಿಟಿಷರ ಕಾಲದಾಗ 1926ರಾಗ ಮುಗಿಸಿದ ವಿಲ್ಸನ್ ಡ್ಯಾಮ್ ಇಲ್ಲದ, ಅದರ ಹಿಂದ ನಿಂತ ನೀರಿಗೆ ಆರ್ಥರ್ ಲೇಕ್ ಅಂತಾರ. ಆ ಕೆರಿ ಸುತ್ತ ಹಾಕ್ಕೊಂಡು ಹೋಗೋ ರಸ್ತೆ ಅದ ನೋಡ್ರಿ, ಅದ ಈ ಜಾಗದ ದೊಡ್ಡ ಅನುಕೂಲ. ಮನಿಯಾಗ ವಯಸ್ಸಾದವರು, ಸಣ್ಣ ಹುಡುಗರು ಇದ್ರ ಗಾಡಿಯೊಳಗ ಕೂತನ ರತನವಾಡಿ ತನಕ ಹೋಗಿ ಅಮೃತೇಶ್ವರ ಗುಡಿ ನೋಡಿ ಬರಬಹುದು. ಹಳೆ ಕಲ್ಲಿನ ಗುಡಿ, ಹೊರಗಿನ ಗೋಡಿ ಮ್ಯಾಲ ಕೆತ್ತನಿ ಭಾಳ ಛಂದ ಅದ, ಮುಂದ ಒಂದು ಪುಷ್ಕರಣಿ. ನಡಿಯೋ ತಾಕತ್ತಿದ್ದವರು ಅದ ಊರಿಂದ ರತನಗಡ ಹತ್ತಿ ಮ್ಯಾಲ ಕಲ್ಲಿನಾಗ ಬಿದ್ದ ದೊಡ್ಡ ತೂತು, ಇಲ್ಲಿಯವರು ನೇಢೆ ಅಂತಾರ, ಅದರೊಳಗ ಕೂತು ಗಾಳಿ ತೊಗೊಂಡು ಇಳೀಬಹುದು. ಇನ್ನ ಬಾರಿ ಊರಿಂದ ಕಳಸೂಬಾಯಿ, 1646 ಮೀಟರ್, ಮಹಾರಾಷ್ಟ್ರದಾಗ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಕಡಿದಾದ ಕಡೆ ಕಬ್ಬಿಣದ ನಿಚ್ಚಣಿಕಿ ಹಾಕ್ಯಾರ, ಆದ್ರ ಶನಿವಾರ ರಾತ್ರಿ ಹತ್ತಲಿಕ್ಕೆ ಹೋದ್ರ ಆ ನಿಚ್ಚಣಿಕಿ ಮುಂದ ಸರದಿ ಹಚ್ಚಬೇಕಾಗ್ತದ, ಶಾಂತ ಅನ್ನೋ ಮಾತು ಅಲ್ಲಿ ಮರೀಬೇಕು.

ಸಾಮ್ರದ ಊರಿನ ಸಾಂದಣ ಕೊಳ್ಳ ಇಲ್ಲೆ ಹತ್ರ ಅದ, ಎರಡೂ ಕಡೆ ಕರಿ ಬಂಡೆ ನೆಟ್ಟಗ ನಿಂತಾವ, ನಡುವ ಬಿರುಕಿನಾಗ ಇಳೀಬೇಕು. ಇದನ್ನ ಮಾತ್ರ ಮಳಿಗಾಲದಾಗ ಮುಟ್ಟಬ್ಯಾಡ್ರಿ. ನೀರು ಕೊರದು ಮಾಡಿದ ದಾರಿ ಅದು, ಮ್ಯಾಲ ಎಲ್ಲೋ ಮಳಿ ಆದ್ರ ಕೆಳಗಿದ್ದವರಿಗೆ ಓಡಲಿಕ್ಕೆ ಜಾಗ ಇರೂದಿಲ್ಲ. ಚಳಿಗಾಲ ಮುಗಿಯೋ ಹೊತ್ತಿಗೆ, ಊರಿನ ಗೈಡ್ ಒಬ್ಬನ್ನ ಕರ್ಕೊಂಡು ಹೋಗ್ರಿ.

ಈಗ ಮಿಂಚುಹುಳ. ಮೇ ಕಡೀ ವಾರದಿಂದ ಮಳಿ ಜೋರು ಹಿಡಿಯೋ ತನಕ ಪುರುಷವಾಡಿ, ಘಾಟಘರ, ಸಾಮ್ರದ ಕಡೆ ಗಿಡಗಳ ಮ್ಯಾಲ ಸಾವಿರಾರು ಹುಳ ಒಂದ ಸಲ ಮಿನುಗಿ ಒಂದ ಸಲ ಆರ್ತಾವ, ಇಡೀ ಗಿಡ ಕಂಡು ಇಡೀ ಗಿಡ ಮಾಯ ಆಗ್ತದ, ಪಕ್ಕದ ಗಿಡ ಅದನ್ನ ಹಿಡ್ಕೊಂಡು ಮುಂದುವರಸ್ತದ. ಅಳಲೆ, ತಾರೆ, ಮತ್ತಿ, ನೇರಳೆ ಗಿಡಗಳ ಮ್ಯಾಲ ಜಾಸ್ತಿ. ನೋಡಬೇಕು, ಖಂಡಿತ ನೋಡಬೇಕು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅದು ಗಂಡು ಹುಳ ಹೆಣ್ಣಿಗೆ ಕೊಡೋ ಸಂಕೇತ ರೀ, ಆ ಬೆಳಕು ಕಂಡ್ರನ ಅವಕ್ಕ ಜೋಡಿ ಸಿಗ್ತದ, ಹುಳದ ದೊಡ್ಡ ರೂಪದ ಆಯುಷ್ಯನ ಕೆಲವು ವಾರ. ಅಂಥಾದ್ರಾಗ ನಾವು ಸಾಲು ಸಾಲು ಕಾರು ತೊಗೊಂಡು ಹೋಗಿ ಹೆಡ್‌ಲೈಟ್ ಹಾಕಿ, ಮೊಬೈಲ್ ಟಾರ್ಚ್ ಹೊಡದು, ಗಿಡದ ಬುಡಕ್ಕ ನಿಂತು ಫೋಟೋ ತಗದ್ರ ಏನಾಗ್ತದ ಯೋಚನೆ ಮಾಡ್ರಿ. ಹೆಣ್ಣು ಹುಳ ಭಾಳಷ್ಟು ಸಲ ಕೆಳಗ ಹುಲ್ಲಿನಾಗ, ಪೊದಿಯಾಗ ಕೂತಿರ್ತದ, ನಮ್ಮ ಕಾಲಿಗೇ ಬರ್ತದ. ಹೋಗೋದಾದ್ರ ವಾರದ ನಡುವ ಹೋಗ್ರಿ, ಊರಾಗ ಯಾರದರ ಮನಿಯಾಗ ಉಳೀರಿ, ಗಾಡಿ ಅಲ್ಲೆ ಬಿಟ್ಟು ಊರಿನ ಹುಡುಗನ ಜೊತಿ ನಡಕೋತ ಹೋಗ್ರಿ, ರಸ್ತೆ ಮ್ಯಾಲ ನಿಂತನ ನೋಡ್ರಿ. ಶನಿವಾರ ಅಷ್ಟ ಆಗ್ತದ ಅನ್ನೋರು ಈ ಹಂಗಾಮಿಗೆ ಭಂಡಾರದರಾ ಬಿಟ್ಟುಬಿಡ್ರಿ ಅಂತ ಕೈ ಮುಗದು ಕೇಳ್ಕೋತೀನಿ, ಅದ ಹುಳ ಸಹ್ಯಾದ್ರಿಯ ಬ್ಯಾರೆ ಹಳ್ಳಿಯೊಳಗೂ ಸಿಗ್ತಾವ, ಸ್ವಲ್ಪ ಕಡಿಮಿ ಇರಬಹುದು ಅಷ್ಟ.

ಕೊಯ್ನಾ: ನನಗ ಎಲ್ಲಾದ್ರಕ್ಕಿಂತ ಹತ್ರದ್ದು

ನಮ್ಮ ಕಡೆಯವರಿಗೆ ಈ ಹೆಸರು ಹೊಸದೇನಲ್ಲ. ಮಳಿಗಾಲ ಬಂತಂದ್ರ ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ "ಕೊಯ್ನಾದಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟಾರಂತ" ಅನ್ನೋ ಸುದ್ದಿ ಕೇಳಿನ ಹೊಳಿದಂಡಿ ಮಂದಿ ದನಾ ಕರಾ ಹೊಡ್ಕೊಂಡು ಎತ್ತರಕ್ಕ ಹೋಗೂದು. ಆದ್ರ ಆ ನೀರು ನಿಂತಿರೋ ಜಾಗ ಎಷ್ಟು ಶಾಂತ ಅದ ಅಂತ ನೋಡಿದವರು ನಮ್ಮೊಳಗ ಕಡಿಮಿ. ಕೊಯ್ನಾ ಮಹಾಬಳೇಶ್ವರದಾಗ ಹುಟ್ಟಿ ದಕ್ಷಿಣಕ್ಕ ಇಳಿದು ಆಮ್ಯಾಲ ಪೂರ್ವಕ್ಕ ತಿರುಗಿ ಕರಾಡದಾಗ ಕೃಷ್ಣಾ ಕೂಡ್ತದ. ನಡುವ ಡ್ಯಾಮ್ ಕಟ್ಟಿದಾಗ ಉದ್ದಕ ತುಂಬಿದ ನೀರಿಗೆ ಶಿವಸಾಗರ ಅಂತಾರ. ಎಷ್ಟೋ ಹಳ್ಳಿ ನೀರಾಗ ಹೋದ್ವು, ಮಂದಿ ಎಲ್ಲೆಲ್ಲೋ ಹೋಗಿ ನೆಲಸಿದ್ರು, ಉಳಿದ ಹಳ್ಳಿಗಳಿಗೆ ಇವತ್ತಿಗೂ ಲಾಂಚ್‌ನ ಬಸ್ಸು.

ಪುಣೆಯಿಂದ ಸಾತಾರಾ 110 ಕಿಲೋಮೀಟರ್, ಅಲ್ಲಿಂದ ಕಾಸ್ ಮ್ಯಾಲ ಹಾಯ್ದು ಶಿವಸಾಗರದ ದಂಡಿ ಊರು ಬಾಮಣೋಲಿ ಇನ್ನ 35 ಇರಬೇಕು. ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಿಂದ ಸಾತಾರಾಕ್ಕ ಎಸ್‌ಟಿ, ಅಂದ್ರ ಮಹಾರಾಷ್ಟ್ರದ ಸರಕಾರಿ ಬಸ್ಸು, ಬೇಕಾದಷ್ಟು, ಮುಂದ ಬಾಮಣೋಲಿ ಎಸ್‌ಟಿ ಕಡಿಮಿ ಅದಾವ, ಸಾತಾರಾ ಸ್ಟ್ಯಾಂಡಿನಾಗ ಇಳದ ಕೂಡಲೆ ವಾಪಸ್ ಬರೋ ಗಾಡಿ ಟೈಮ್ ಕೇಳಿಟ್ಕೊಳ್ರಿ.

ಇಲ್ಲಿ ಎರಡು ಹಂಗಾಮು ಅದಾವ, ಎರಡೂ ಬ್ಯಾರೆ ಬ್ಯಾರೆ ಮಂದಿಗೆ. ಆಗಸ್ಟ್ ಕಡೀಗೆ ಶುರು ಆಗಿ ಅಕ್ಟೋಬರ್ ಮೊದಲ ವಾರದ ತನಕ ಕಾಸ್ ಪಠಾರ, ಗುಡ್ಡದ ಮ್ಯಾಲಿನ ಹೂವಿನ ಬಯಲು. 2012ರಾಗ ಯುನೆಸ್ಕೋ ಪಶ್ಚಿಮ ಘಟ್ಟದ ಪಟ್ಟಿಯೊಳಗ ಇದನ್ನೂ ಸೇರಿಸ್ತು. ಕೆಂಪು ಜಂಬಿಟ್ಟಿಗಿ ಕಲ್ಲಿನ ಮ್ಯಾಲ ಒಂದು ಪದರು ಮಣ್ಣು, ಅಷ್ಟ, ಅದರಾಗ 850ಕ್ಕೂ ಹೆಚ್ಚು ಜಾತಿ ಹೂವಿನ ಸಸ್ಯ. ದೂರದಿಂದ ನೋಡಿದ್ರ ಹಳದಿ ಸೋನ್ಕಿ, ಗುಲಾಬಿ ಬಣ್ಣದ ತೇರಡಾ ಹಾಸಿದಂಗ ಕಾಣ್ತದ ಖರೇ, ಆದ್ರ ಕಾಸ್‌ನ ನಿಜವಾದ ಗಮ್ಮತ್ತು ಕೆಳಗ ಬಗ್ಗಿ ನೋಡಿದವರಿಗೆ. ಬಟ್ಟಿನ ಉಗುರಿನಷ್ಟು ಸಣ್ಣ ಗಿಡ, ಎಲಿ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೆ ಒಂದು ಅಂಟು ಹನಿ, ಇಬ್ಬನಿ ಅಂತ ತಿಳಿದು ಬಂದ ನುಸಿ ಅದಕ್ಕ ಅಂಟಿ ಅಲ್ಲೇ ಕರಗಿ ಹೋಗ್ತದ. ಡ್ರಾಸೆರಾ ಅದು, ಹುಳ ತಿನ್ನೋ ಗಿಡ. ಆ ಮಣ್ಣಿನಾಗ ಸಾರ ಇಲ್ಲದ್ದಕ್ಕ ಅದು ಹುಳದಿಂದ ತೊಗೋತದ. ಹೂವಿನ ನಡುವ ಕೂತು ಮಲಕೊಂಡು ಫೋಟೋ ಹೊಡಿಸ್ಕೊಳ್ಳೋರು ಇಂಥವನ್ನ ಎಷ್ಟು ತುಳೀತಾರೋ ಅವರಿಗೇ ಗೊತ್ತಿರೂದಿಲ್ಲ, ದಾರಿ ಬಿಟ್ಟು ಇಳೀಬ್ಯಾಡ್ರಿ. ದಿನಕ್ಕ ಇಷ್ಟ ಮಂದಿ ಅಂತ ಮಿತಿ ಅದ, ಆನ್‌ಲೈನ್ ಬುಕಿಂಗ್ ಮಾಡ್ಕೊಂಡ ಹೋಗ್ರಿ, ವಾರದ ನಡುವ ಮುಂಜಾನೆ ಹೊತ್ತು ತೊಗೊಳ್ರಿ.

ಇನ್ನೊಂದು ಹಂಗಾಮು ನವೆಂಬರ್‌ದಿಂದ ಫೆಬ್ರುವರಿ, ಅದು ನಡಿಯೋವರಿಗೆ. ಬಾಮಣೋಲಿಯಿಂದ ದೋಣಿ ಮಾಡ್ಕೊಂಡು ಒಂದೂವರಿ ತಾಸಿನ ಸುಮಾರು ನೀರಿನ ಮ್ಯಾಲ ಹೋದ್ರ ವಾಸೋಟಾ ಕೋಟಿ ಬುಡ ಸಿಗ್ತದ. ಶಿವಾಜಿ ಮಹಾರಾಜರು ಇದಕ್ಕ ವ್ಯಾಘ್ರಗಡ ಅಂತ ಹೆಸರಿಟ್ಟಿದ್ರು. ಅರಣ್ಯ ಇಲಾಖೆ ಪರವಾನಗಿ ತೊಗೊಂಡು ಹತ್ತಬೇಕು, ಕೋಟಿ ಮ್ಯಾಲ ರಾತ್ರಿ ಉಳಿಯೋ ಹಂಗಿಲ್ಲ, ಸಂಜಿ ಆಗೋದ್ರೊಳಗ ಕೆಳಗ ಇಳಿದು ದೋಣಿ ಹತ್ತಿರಬೇಕು, ಮಳಿಗಾಲದಾಗ ಬಂದ್. ಯಾಕಂದ್ರ ಇದು ಕೊಯ್ನಾ ಅಭಯಾರಣ್ಯ, 2010ರಾಗ ಚಾಂದೋಲಿ ಜೊತಿ ಸೇರಿಸಿ ಸಹ್ಯಾದ್ರಿ ಹುಲಿ ಮೀಸಲು ಅಂತ ಮಾಡ್ಯಾರ. ಹುಲಿ ಕಾಣ್ತದ ಅಂತ ಹೋಗಬ್ಯಾಡ್ರಿ, ಕಾಡುಕೋಣ, ಕಡವೆ, ಕರಡಿ ಇರೋ ಕಾಡು, ಕೆಸರಿನಾಗ ಹೆಜ್ಜಿ ಗುರುತು ಭಾಳ ಸಿಗ್ತಾವ. ಹತ್ತೋ ದಾರಿ ಪೂರ್ತಿ ನೆರಳು, ದಟ್ಟ ಕಾಡು, ಅದ ಇದರ ದೊಡ್ಡ ಗುಣ. ಮಹಾರಾಷ್ಟ್ರದ ಭಾಳಷ್ಟು ಕೋಟಿ ಬೋಳು ಗುಡ್ಡ, ಬಿಸಿಲಾಗ ಸುಡ್ತಾವ, ಕಳಸೂಬಾಯಿನೂ ಹಂಗ. ಇಲ್ಲಿ ಮ್ಯಾಲ ಹೋಗಿ ಬಾಬು ಕಡಾ ಅನ್ನೋ ಕಡಿದಾದ ಬಂಡೆ ಮುಂದ ನಿಂತಾಗಷ್ಟ ಒಮ್ಮೆಲೆ ಬಯಲು ತೆರೀತದ, ಕೆಳಗ ಕೊಂಕಣ ನೇರ ಇಳದದ.

ಹತ್ತೂದು ಬ್ಯಾಡ, ಅಪ್ಪ ಅವ್ವ ಜೊತಿಗೆ ಬಂದಾರ ಅಂದ್ರ ವಾಸೋಟಾ ಬಿಡ್ರಿ, ಬಾಮಣೋಲಿ ಇಲ್ಲಾ ತಾಪೋಳಾದಾಗ ನೀರಿನ ಬಾಜೂಕ ಒಂದು ಮನಿ ಹಿಡದು ಎರಡು ದಿನ ಸುಮ್ನ ಇರ್ರಿ. ಮುಂಜಾನೆ ಮಂಜು ನೀರಿನಿಂದ ಏಳೂ ಹೊತ್ತಿಗೆ ದೋಣಿ ಇಂಜಿನ್ ಇನ್ನೂ ಶುರು ಆಗಿರೂದಿಲ್ಲ, ಆಕಡಿ ದಂಡಿ ಹಳ್ಳಿಯ ಕೋಳಿ ಕೂಗಿದ್ದು ಈಕಡಿ ಕೇಳ್ತದ. ಭಂಡಾರದರಾದಾಗ ಇಷ್ಟು ಶಾಂತ ನನಗ ಸಿಕ್ಕಿಲ್ಲ. ಏಪ್ರಿಲ್ ಮೇ ಮಾತ್ರ ಬ್ಯಾಡ, ನೀರು ಇಳಿದು ದಂಡಿ ತುಂಬ ಬಿರಕು ಬಿಟ್ಟ ಮಣ್ಣು, ದೋಣಿ ಹತ್ತಲಿಕ್ಕೇ ಎಷ್ಟೋ ದೂರ ನಡೀಬೇಕಾಗ್ತದ.

ಆಹುಪೆ, ಭೀಮಾಶಂಕರದ ಬದಲಿಗೆ

ಭೀಮಾಶಂಕರಕ್ಕ ನಮ್ಮ ಮಂದಿ ಹೋಗೂದು ಜ್ಯೋತಿರ್ಲಿಂಗಕ್ಕ. ಇಂಡಿ, ಅಫಜಲಪುರ ಕಡೆ ಹರಿಯೋ ಭೀಮಾ ಹುಟ್ಟೋದು ಅಲ್ಲೆ, ಅದಕ್ಕ ನಮಗ ಅದು ಭಕ್ತಿ ಜಾಗ, ಇರಲಿ. ಆದ್ರ ಅಲ್ಲಿ 1985ರಿಂದ ಅಭಯಾರಣ್ಯನೂ ಅದ, ಸುಮಾರು 130 ಚದರ ಕಿಲೋಮೀಟರ್, ಅದನ್ನ ಮಾಡಿದ್ದ ಕೆಂದಳಿಲಿನ ಸಲುವಾಗಿ. ಮಹಾರಾಷ್ಟ್ರದ ರಾಜ್ಯಪ್ರಾಣಿ ಅದು, ಇಲ್ಲಿ ಶೇಕರೂ ಅಂತಾರ, ಬಾಲ ಸೇರಿ ಮೂರು ಅಡಿ ಹತ್ರ ಉದ್ದ, ಗಿಡದಿಂದ ಗಿಡಕ್ಕ ಹಾರ್ತದ, ನೆಲಕ್ಕ ಇಳಿಯೂದು ಅಪರೂಪ. ಶ್ರಾವಣ ಸೋಮವಾರ, ಶಿವರಾತ್ರಿ ಹೊತ್ತಿನಾಗ ಗುಡಿ ಸುತ್ತ ಆಗೋ ಗದ್ದಲದಾಗ ಕಾಡು ನೋಡೂದು ಆಗದ ಮಾತು.

ಕಾಡು ನೋಡೋದಿದ್ರ ಮಂಚರ, ಘೋಡೆಗಾಂವ ದಾಟಿ ಡಿಂಭೆ ಡ್ಯಾಮ್ ಗುಂಟ ಆಹುಪೆಗೆ ಹೋಗ್ರಿ. ಘಾಟಿನ ಅಂಚಿಗೆ ಕೂತ ಸಣ್ಣ ಊರು, ಮಹಾದೇವ ಕೋಳಿ ಮಂದಿ ಇರ್ತಾರ, ಅಳಲೆಕಾಯಿ ಕೂಡಿಸಿ ಮಾರೂದು ಅವರ ಒಂದು ಆದಾಯ. ಊರಿಗೆ ಹತ್ತಿ ದೇವರಾಯಿ ಅದ, ನಮ್ಮ ದೇವರಕಾಡು, ದೇವರ ಹೆಸರಿನಾಗ ಕೊಡ್ಲಿ ಮುಟ್ಟಿಸದ ಬಿಟ್ಟ ಕಾಡು. ಒಳಗ ಹೋದ್ರ ಗಿಡದ ಕಾಂಡದಷ್ಟು ದಪ್ಪ ಬಳ್ಳಿ ಮ್ಯಾಲಿಂದ ಇಳಿದಾವ. ತಲಿ ಎತ್ತಿ ಟೊಂಗಿ ಸೇರೋ ಕಡೆ ಕಡ್ಡಿ ಎಲಿಯ ದೊಡ್ಡ ಗುಂಡಗಿನ ಗೂಡು ಹುಡುಕ್ರಿ, ಅದ ಕೆಂದಳಿಲಿಂದು, ಒಂದ ಅಳಿಲು ಹಲವು ಗೂಡು ಕಟ್ತದ. ಗೂಡು ಕಂಡ ಮ್ಯಾಲ ಮಾತಾಡದ ನಿಂದ್ರಬೇಕು, ಅವಸರ ಇದ್ದವರಿಗೆ ಅದು ಕಾಣೂದಿಲ್ಲ.

ಸೆಪ್ಟೆಂಬರ್ ಕಡೀ ವಾರ, ಅಕ್ಟೋಬರ್ ಮೊದಲನೇ ವಾರ ಇಲ್ಲಿಗೆ ಹೇಳಿ ಮಾಡಿಸಿದ್ದು, ಹಸಿರು ಇನ್ನೂ ಇರ್ತದ, ಮಂಜು ಸರದು ಕೆಳಗಿನ ಗೋರಖಗಡ ಕೋಡು ಕಾಣ್ತದ. ಜುಲೈ ಆಗಸ್ಟ್‌ದಾಗ ಎದುರಿಗೆ ಹತ್ತು ಹೆಜ್ಜಿ ಕಾಣದಷ್ಟು ಮಂಜು, ಕಡಿದಾದ ಅಂಚು ಎಲ್ಲಿ ಮುಗೀತು ಗೊತ್ತಾಗೂದಿಲ್ಲ, ಹುಡುಗರನ್ನ ಕರ್ಕೊಂಡು ಹೋಗೂದು ಅಪಾಯ. ಹೋಟೆಲ್ ಇಲ್ಲ, ಊರವರ ಮನಿ ಊಟ, ಮುಂಚೆ ಫೋನ್ ಮಾಡಿ ಹೇಳಿರಬೇಕು. ಸ್ವಂತ ಗಾಡಿ ಇಲ್ಲದವರಿಗೆ ಈ ನಾಲ್ಕರಾಗ ಎಲ್ಲಾದ್ರಕ್ಕಿಂತ ಕಷ್ಟದ ಜಾಗ ಇದು.

ತಾಮ್ಹಿಣಿ ಬಗ್ಗೆ

ಪುಣೆಗೆ ಭಾಳ ಹತ್ರ, ಪೌಡ, ಮುಳಶಿ ದಾಟಿದ್ರ ಆತು. 2013ರಾಗ ಅಭಯಾರಣ್ಯ ಆಗ್ಯದ, ಮಳಿ ಸಿಕ್ಕಾಪಟ್ಟಿ ಬೀಳ್ತದ, ಅಂಧಾರಬನ ಅನ್ನೋ ಕಾಡಿನ ದಾರಿ ಖರೇನ ಛಂದ. ಆದ್ರ ಜುಲೈ ಶನಿವಾರ ರಸ್ತೆ ತುಂಬ ಗಾಡಿ, ಹಾಡು, ಪ್ಲಾಸ್ಟಿಕ್. ಅಪಘಾತ ಆಗೂದ್ರಿಂದ ಮಳಿಗಾಲದಾಗ ಜಿಲ್ಲಾ ಆಡಳಿತ ಜಲಪಾತಗಳಿಗೆ ನಿರ್ಬಂಧನೂ ಹಾಕ್ತದ, ಹೊರಡೂ ಮೊದಲ ನೋಡ್ಕೊಳ್ರಿ. ಮಂಗಳವಾರ ಬುಧವಾರ ರಜಾ ಸಿಕ್ರ ಹೋಗ್ರಿ, ಇಲ್ಲಂದ್ರ ಶಾಂತ ಹುಡುಕೋರಿಗೆ ಇದನ್ನ ನಾ ಹೇಳೂದಿಲ್ಲ.

ಗೋವಾದ ಒಳಭಾಗ: ಹಕ್ಕಿ ನೋಡೋರಿಗೆ ಇದಕ್ಕ ಸಮ ಇಲ್ಲ

ಗೋವಾ ಅಂದ್ರ ಸಮುದ್ರ ಅಂತ ತಲಿಯೊಳಗ ಕೂತುಬಿಟ್ಟದ. ಪೂರ್ವಕ್ಕ ಸತ್ತರಿ, ಧಾರಬಾಂದೋಡಾ, ಸಾಂಗೇ ತಾಲೂಕುಗಳು ಘಟ್ಟಕ್ಕ ಹತ್ತಿಕೊಂಡು ಪೂರ್ತಿ ಕಾಡು, ಮೇಲಿನ ಕಡೆ ನಮ್ಮ ಖಾನಾಪುರ. ನಾವು ಮಹದಾಯಿ ಅಂತ ಹೋರಾಟದಾಗ ಕೇಳೋ ಹೊಳಿ ಖಾನಾಪುರ ತಾಲೂಕದಾಗ ಹುಟ್ಟಿ ಇಲ್ಲಿ ಮ್ಹಾದಯಿ ಆಗಿ, ಮುಂದ ಮಾಂಡವಿ ಅಂತ ಪಣಜಿ ಮುಂದ ಸಮುದ್ರ ಸೇರ್ತದ. ಪುಣೆಯಿಂದ 450 ಕಿಲೋಮೀಟರ್, ಎರಡು ದಿನದ ರಜಾಕ್ಕ ಇದು ಹೊಂದೂದಿಲ್ಲ, ನಾಲ್ಕು ದಿನ ಬೇಕು. ವಾಸ್ಕೋ, ಮಡಗಾಂವ, ಫೋಂಡಾದಾಗ ಇರೋ ನಮ್ಮ ಮಂದಿಗೆ ಮಾತ್ರ ಇದು ಮನಿ ಹಿತ್ತಲ, ಒಂದು ಮುಂಜಾನೆಯೊಳಗ ಹೋಗಿ ಬರಬಹುದು, ಆದ್ರೂ ಹೋದವರು ಕಡಿಮಿ ಅನ್ನೋದ ನನಗ ಆಶ್ಚರ್ಯ. ರೈಲಿನಾಗ ಬರೋರು ಗೋವಾ ಎಕ್ಸ್‌ಪ್ರೆಸ್ ಹಿಡೀರಿ, ಪುಣೆ, ಮಿರಜ, ಬೆಳಗಾವಿ, ಲೋಂಡಾ ದಾಟಿ ಘಟ್ಟ ಇಳಿದು ಬರ್ತದ, 310 ಮೀಟರ್ ಎತ್ತರದ ದೂಧಸಾಗರ ರೈಲಿನ ಕಿಟಕಿಯಿಂದನ ಕಾಣ್ತದ. ಹಳಿ ಗುಂಟ ನಡಕೋತ ಅಲ್ಲಿಗೆ ಹೋಗೂದನ್ನ ನೈಋತ್ಯ ರೈಲ್ವೆ ನಿಷೇಧ ಮಾಡ್ಯದ, ಆ ಹುಚ್ಚಿಗೆ ಹೋಗಬ್ಯಾಡ್ರಿ.

ನಾ ಹೇಳೋದು ತಾಂಬಡಿ ಸುರ್ಲಾ. ಭಗವಾನ್ ಮಹಾವೀರ ಅಭಯಾರಣ್ಯದ ಒಳಗ, ಪಣಜಿಯಿಂದ ಸುಮಾರು 65 ಕಿಲೋಮೀಟರ್. ಇಲ್ಲಿ ಕದಂಬರ ಕಾಲದ ಮಹಾದೇವ ಗುಡಿ ಅದ, ಕರಿ ಬಸಾಲ್ಟ್ ಕಲ್ಲಿಂದು, ಆ ಕಾಲದ್ದು ಹಿಂಗ ಪೂರ್ತಿ ಉಳದದ್ದು ಗೋವಾದಾಗ ಇದೊಂದ. ಸಣ್ಣ ಗುಡಿ, ಆದ್ರ ನಂದಿ ಮಂಟಪದ ಕಂಬ ನೋಡಿದ್ರ ನಮ್ಮ ಬೆಳಗಾವಿ ಜಿಲ್ಲಾದ ಹಳಸಿ, ದೇಗಾಂವದ ಕದಂಬರ ಗುಡಿ ನೋಡಿದವರಿಗೆ ಕೂಡಲೆ ಗುರುತು ಸಿಗ್ತದ. ಹಿಂದ ಹೊಳಿ, ಸುತ್ತ ಕಾಡು.

ಡಿಸೆಂಬರ್‌ದಿಂದ ಫೆಬ್ರುವರಿ ಇಲ್ಲಿ ಹಕ್ಕಿ ಹಂಗಾಮು. ಸೂರ್ಯ ಏಳೂದ್ರೊಳಗ ಗುಡಿ ರಸ್ತೆ ಮ್ಯಾಲ ಇರಬೇಕು. ಮಂಗಟ್ಟೆ ಹಾರಿ ಹೋದ್ರ ನೋಡೂದಕ್ಕಿಂತ ಮೊದಲ ರೆಕ್ಕಿ ಸಪ್ಪಳ ಕೇಳ್ತದ. ನವರಂಗ ಒಣಎಲಿ ಕೆದರಿಕೋತ ನೆಲದ ಮ್ಯಾಲ ಜಿಗೀತಿರ್ತದ. ಕೆಂಪು ಹೊಟ್ಟಿಯ ಟ್ರೋಗನ್ ಕಾಣಬೇಕಂದ್ರ ಇಲ್ಲಿಯ ಗೈಡ್ ಬೇಕ ಬೇಕು. ಇನ್ನ ಫ್ರಾಗ್‌ಮೌತ್ ಅಂತ ಒಂದು ಹಕ್ಕಿ ಅದ, ಅಗಲ ಬಾಯಿ, ಹಗಲೆಲ್ಲಾ ಗಂಡು ಹೆಣ್ಣು ಎರಡೂ ಒಂದ ಟೊಂಗಿ ಮ್ಯಾಲ ಮೈಗೆ ಮೈ ಹಚ್ಚಿ ಕಣ್ಣು ಮುಚ್ಚಿ ಕೂತಿರ್ತಾವ, ಗೈಡ್ ಬಟ್ಟು ಮಾಡಿ ತೋರಿಸಿದ್ರೂ ಎರಡು ನಿಮಿಷ ಏನೂ ಕಾಣೂದಿಲ್ಲ, ಬಳ್ಳಿಯಾಗ ಸಿಕ್ಕ ಒಣಎಲಿ ಮುದ್ದಿಯಂಗ ಇರ್ತದ, ಆಮ್ಯಾಲ ಅದ ಮುದ್ದಿಗೆ ಮೀಸಿಯಂಥ ಕೂದಲು ಕಾಣಿಸ್ತಾವ, ಒಂದು ರೆಪ್ಪಿ ಅರ್ಧ ತೆರದು ಮತ್ತ ಮುಚ್ಚತದ. ಆ ಹೊತ್ತಿನಾಗ ಫ್ಲಾಶ್ ಹೊಡೀಬ್ಯಾಡ್ರಿ, ಹತ್ರ ಹೋಗಬ್ಯಾಡ್ರಿ.

ಹಕ್ಕಿಗಿಂತ ನಡಿಗಿ ಮುಖ್ಯ ಅನ್ನೋರು ದಕ್ಷಿಣಕ್ಕ ನೇತ್ರಾವಳಿ ನೋಡ್ರಿ, ಮಡಗಾಂವದಿಂದ ಸುಮಾರು 45 ಕಿಲೋಮೀಟರ್. 1999ರಾಗ ಅಭಯಾರಣ್ಯ ಆತು, 211 ಚದರ ಕಿಲೋಮೀಟರ್. ಸಾವರಿ, ಮೈನಾಪಿ ಜಲಪಾತಕ್ಕ ಕಾಡಿನಾಗ ಕಾಲುದಾರಿ, ಊರಾಗ ಗೋಪಿನಾಥ ಗುಡಿ ಮುಂದ ಗುಳ್ಳಿ ಏಳೋ ಕೊಳ, ಅಡಿಕಿ ಮೆಣಸು ಬೆಳೆಯೋ ಕುಳಾಗರಗಳು, ಶಿರಸಿ ಕಡೆಯವರಿಗೆ ತಮ್ಮೂರ ತೋಟಾನ ನೆನಪಾಗ್ತದ. ಅಕ್ಟೋಬರ್ ನವೆಂಬರ್‌ದಾಗ ನೀರೂ ಇರ್ತದ, ದಾರಿನೂ ಒಣಗಿರ್ತದ. ಕಾರವಾರ ಕಡೆಯಿಂದ ಬರೋರಿಗೆ ಕಾಣಕೋಣದ ಖೋತಿಗಾಂವ ಇನ್ನೂ ಹತ್ರ, ಆದ್ರ ಅಲ್ಲಿ ನಡಿಗಿ ದಾರಿ ಸಪಾಟ, ನೋಟ ಕಡಿಮಿ, ಸಣ್ಣ ಹುಡುಗರಿಗೆ ಚೊಲೋ.

ಜಿಗಣಿ, ಉಣ್ಣಿ, ಊಟ

ಜಿಗಣಿಗೆ ಹೆದರಿ ಎಷ್ಟೋ ಮಂದಿ ಮಳಿಗಾಲ ಬಿಡ್ತಾರ. ಅದು ಬರೇ ಕಿರಿಕಿರಿ, ಉಪ್ಪು ಹಚ್ಚಿದ್ರ ಬೀಳ್ತದ, ಉದ್ದ ಸಾಕ್ಸ್ ಹಾಕ್ರಿ ಸಾಕು. ಖರೇ ಎಚ್ಚರ ಬೇಕಾದ್ದು ಉಣ್ಣಿ ಹುಳಕ್ಕ, ಅದೂ ಒಣ ಹಂಗಾಮಿನಾಗ. ಶಿವಮೊಗ್ಗ ಜಿಲ್ಲಾದ ಕ್ಯಾಸನೂರು ಕಾಡಿನಾಗ 1957ರಾಗ ಕಂಡ, ಉಣ್ಣಿ ಕಡಿದು ಬರೋ ಮಂಗನ ಕಾಯಿಲೆ ನಮಗೆಲ್ಲಾ ಗೊತ್ತದ, ಅದು 2015ರಿಂದ ಗೋವಾದ ಸತ್ತರಿಯೊಳಗೂ ಕಾಣಿಸ್ಕೊಂಡದ. ಹಕ್ಕಿ ಹಂಗಾಮು, ಉಣ್ಣಿ ಹಂಗಾಮು ಎರಡೂ ಒಂದ ಸಲ ಬರ್ತಾವ ನೋಡ್ರಿ. ಹೋಗಬ್ಯಾಡ್ರಿ ಅನ್ನೂದಿಲ್ಲ, ಆದ್ರ ಮೈ ತುಂಬ ಅರಿವಿ ಹಾಕ್ರಿ, ಪ್ಯಾಂಟ್ ಸಾಕ್ಸ್ ಒಳಗ ಸೇರಸ್ರಿ, ಒಣಎಲಿ ಮ್ಯಾಲ ಕೂಡ್ರಬ್ಯಾಡ್ರಿ, ಬಂದ ಕೂಡಲೆ ಬಿಸಿನೀರು ಹಾಕ್ಕೊಂಡು ಅರಿವಿ ತೊಳೀರಿ, ಸತ್ತ ಮಂಗ ಕಂಡ್ರ ಹತ್ರ ಹೋಗದ ಅರಣ್ಯ ಇಲಾಖೆಗೆ ತಿಳಿಸ್ರಿ. ಹೋಗಿ ಬಂದ ಮ್ಯಾಲ ಜ್ವರ ಬಂದ್ರ ಡಾಕ್ಟರ್‌ಗೆ ಕಾಡಿಗೆ ಹೋಗಿದ್ದು ಮೊದಲ ಹೇಳ್ರಿ.

ಊಟಕ್ಕ ಉತ್ತರ ಕರ್ನಾಟಕದವರು ಮಹಾರಾಷ್ಟ್ರದ ಕಣಿವಿಯೊಳಗ ಹಸದು ಬರೂದಿಲ್ಲ. ಪಿಠಲೆ, ಭಾಕರಿ, ಮೆಣಸಿನಕಾಯಿ ಠೇಚಾ, ನಮ್ಮ ಝುಣಕ ರೊಟ್ಟಿ ಖಾರದ ಅಣ್ಣತಮ್ಮಂದಿರ ಅವ. ಘಾಟಿನ ಮ್ಯಾಲಿನ ಊರಾಗ ಜೋಳಕ್ಕಿಂತ ಅಕ್ಕಿ, ರಾಗಿ ಭಾಕರಿ ಜಾಸ್ತಿ. ಗೋವಾದ ಒಳಹಳ್ಳಿಯೊಳಗ ಮೀನು ತಿನ್ನದವರು ಮುಂಚೆ ಹೇಳಿಡಬೇಕು, ಗುಡಿ ಇರೋ ಊರಾಗ ಶಾಕಾಹಾರಿ ಆರಾಮ ಸಿಗ್ತದ. ಎಲ್ಲಾ ಕಡೆ ರೊಕ್ಕ ಕೈಯಾಗ ಇರಲಿ, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಾಗ ದುಡ್ಡು ಕಳಸಲಿಕ್ಕೆ ಆಗೂದಿಲ್ಲ, ಬಾಮಣೋಲಿ ದೋಣಿಯವರಿಗೂ ಆಹುಪೆ ಮಾವಶಿಗೂ ಸಾಲ ಹೇಳಿ ಬರೂದು ಸರಿ ಅಲ್ಲ.

ಹಂಗಾದ್ರ ಯಾವುದು?

ಜೂನ್ ಮೊದಲ ವಾರ, ವಾರದ ನಡುವ ರಜಾ ಇದ್ರ ಭಂಡಾರದರಾ ಸುತ್ತಲ ಹಳ್ಳಿ. ಜುಲೈ ಆಗಸ್ಟ್ ಇದ್ರ ದೊಡ್ಡ ನಡಿಗಿ ಬ್ಯಾಡ, ಭಂಡಾರದರಾದಾಗ ಕೆರಿ ಸುತ್ತ ಗಾಡಿಯೊಳಗ ಸುತ್ತಿ ರಾಂಧಾ ಜಲಪಾತ ದೂರದಿಂದ ನೋಡಿ ಬರ್ರಿ. ಸೆಪ್ಟೆಂಬರ್‌ದಾಗ ಕಾಸ್ ಬುಕಿಂಗ್ ಸಿಕ್ರ ಕಾಸ್, ಸಿಗಲಿಲ್ಲ ಅಂದ್ರ ಆಹುಪೆ, ಎರಡರಾಗ ಒಂದು ಆರಸು ಅಂದ್ರ ನಾ ಮಂದಿ ಕಡಿಮಿ ಇರೋ ಆಹುಪೆ ಅಂತೀನಿ. ದೀಪಾವಳಿ ರಜಾಕ್ಕ ನೇತ್ರಾವಳಿ. ಡಿಸೆಂಬರ್ ಜನವರಿಗೆ ಎರಡು ದಿನ ಇದ್ರ ಕೊಯ್ನಾ, ನಾಲ್ಕು ದಿನ ಇದ್ರ ತಾಂಬಡಿ ಸುರ್ಲಾ. ಹಿರಿಯರ ಜೊತಿಗೆ ಏಪ್ರಿಲ್ ಮೇ ಬಿಟ್ಟು ಯಾವ ತಿಂಗಳಾದ್ರೂ ಭಂಡಾರದರಾ ಇಲ್ಲಾ ತಾಪೋಳಾ. ಏಪ್ರಿಲ್ ಮೇದಾಗ ಹುಡುಗರ ಸೂಟಿ ಅಂತ ಹೊರಟ್ರ ಬಿಸಿಲು ತಪ್ಪಿದ್ದಲ್ಲ, ದೇವರಾಯಿ ನೆರಳಿದ್ದದ್ದಕ್ಕ ಆಹುಪೆ ಒಂದ ಸ್ವಲ್ಪ ತಡೀತದ.

ಇವು ಯಾವುವೂ ಆಗೂದಿಲ್ಲ, ಡೊಂಬಿವಲಿ ಮುಲುಂಡ ಕಡೆ ಇರೋರು, ಗಾಡಿ ಇಲ್ಲ, ಒಂದ ಭಾನುವಾರ ಸಿಗೂದು ಅಂತಿದ್ರ ಕರ್ನಾಳಾ ಅದ. ಕಣಿವಿ ಅಲ್ಲ, ಕೋಟಿ ಕೆಳಗಿನ ಸಣ್ಣ ಕಾಡು, ಸುಮಾರು 12 ಚದರ ಕಿಲೋಮೀಟರ್, ಆದ್ರ ಮಹಾರಾಷ್ಟ್ರದ ಮೊದಲ ಪಕ್ಷಿಧಾಮ ಅದು. ಜೂನ್ ಜುಲೈದಾಗ ಗುಬ್ಬಿಗಿಂತ ಸಣ್ಣ ಕುಬ್ಜ ಮಿಂಚುಳ್ಳಿ ಗೂಡು ಮಾಡಲಿಕ್ಕೆ ಇಲ್ಲಿಗೆ ಬರ್ತದ, ಕಿತ್ತಳಿ ನೀಲಿ ನೇರಳಿ ಎಲ್ಲಾ ಬಣ್ಣ ಅದೊಂದರ ಮೈ ಮ್ಯಾಲ. ಪನವೇಲ್ ಸ್ಟ್ಯಾಂಡಿನಾಗ ಪೇಣ ಕಡೆ ಹೋಗೋ ಎಸ್‌ಟಿ ಹತ್ರಿ, ಕಂಡಕ್ಟರ್‌ಗೆ ಕರ್ನಾಳಾ ಗೇಟ್ ಅಂತ ಹೇಳಿಟ್ರ ಕಾಡಿನ ಮುಂದನ ಇಳಸ್ತಾರ, ಗೇಟ್ ತೆಗಿಯೋ ಹೊತ್ತಿಗೇ ಅಲ್ಲಿರ್ರಿ, ಹತ್ತು ಗಂಟೆ ಆತಂದ್ರ ಪಿಕ್ನಿಕ್ ಮಂದಿ ಶುರು ಆಗ್ತಾರ.